ಬೆರಳ ತುದಿಯ ಸೀಸ

ಸಿಂಧನೂರಿನಿಂದ ಹೊಳೆಯ ನಡುವಿನ ಮಾವಿನಕುರ್ವೆಗೆ ಬಂದಿಳಿದ ಸಂಜೆ ಬಾಡಿಗೆ ಮನೆಯ ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ಬಾಣಲೆಯಲ್ಲಿ ಬೆಳ್ಳಗೆ ಹೊಳೆಯುವ ಏನೋ ತುಳುಕುತ್ತಿತ್ತು. ಇವರ ಊಟವೇ ಹೀಗಿರಬಹುದೇ ಎಂದು ನಿಜಕ್ಕೂ ಹೆದರಿದೆ. ಅದು ಸೀಸ. ಕರಗಿಸಿ, ಗುಂಡು ಮಾಡಿ, ಮುಳುಗಲೆಂದು ಬಲೆಯ ಅಂಚಿಗೆ ಕಟ್ಟುತ್ತಾರೆ.

ಹೊನ್ನಾವರದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ನನಗೆ ಕೆಲಸ. ನಮ್ಮ ಕಡೆಯ ‘ಏನು’ ಇಲ್ಲಿ ‘ಎಂತ’. ಅಲ್ಲಿ ಕಾಲುವೆಗೆ ನೀರು ಯಾವಾಗ ಬಿಟ್ಟಾರೋ ಎಂದು ಕಾಯುತ್ತಿದ್ದೆವು. ಇಲ್ಲಿ ಸುತ್ತಲೂ ನೀರು, ಬಾಯಿಗಿಟ್ಟರೆ ಉಪ್ಪು. ಜೋಳದ ರೊಟ್ಟಿಯಿಲ್ಲದೆ ಹೊಟ್ಟೆಯೇ ತುಂಬುತ್ತಿರಲಿಲ್ಲ. ಮನೆಯೊಡತಿ ಮಾದೇವಿಯಕ್ಕನ ಜೊತೆ ಜಗುಲಿಯಲ್ಲಿ ಕೂತು ಬಲೆಗೆ ಸೀಸ ಕಟ್ಟಲು ಕಲಿತ ಮೇಲೆಯೇ ಒಂಟಿತನ ಬಿಟ್ಟದ್ದು. ಅವಳ ಪುಟ್ಟ ಮೊಮ್ಮಗಳು ಚಿನ್ನು ನನ್ನ ತೊಡೆಯಿಂದ ಇಳಿಯುತ್ತಿರಲಿಲ್ಲ, ಬಾಯಿಂದ ಹೆಬ್ಬೆರಳು ತೆಗೆಯುತ್ತಿರಲಿಲ್ಲ.

ಈಚೆಗೆ ಲ್ಯಾಬಿಗೆ ರಕ್ತದಲ್ಲಿ ಎಳ್ಳಷ್ಟು ಸೀಸವಿದ್ದರೂ ಹಿಡಿಯುವ ಪುಟ್ಟ ಯಂತ್ರ ಬಂತು. ಬೆರಳು ಚುಚ್ಚಿ ಒಂದು ಹನಿ ಹಾಕಿದರೆ ಅಲ್ಲೇ ಉತ್ತರ. ಹಳೆಯ ಕ್ರಮದಲ್ಲಾದರೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಮಂಗಳೂರಿನ ದೊಡ್ಡ ಯಂತ್ರಕ್ಕೆ ಕಳಿಸಬೇಕು. ಎರಡನ್ನೂ ಹೋಲಿಸಿ ನೋಡಲು ನಾವೇ ರಕ್ತ ಕೊಟ್ಟೆವು. ಎಲ್ಲರದ್ದೂ ತಾಳೆಯಾಯಿತು, ನನ್ನದೊಂದು ಬಿಟ್ಟು. ತೋಳಿನ ರಕ್ತ ಚೊಕ್ಕ. ಬೆರಳಿನ ಹನಿಯಲ್ಲಿ ಸೀಸವೋ ಸೀಸ.

“ಯಂತ್ರದ್ದು ಎಂತ ತಪ್ಪಿಲ್ಲ,” ಎಂದರು ಲ್ಯಾಬಿನ ಡಾಕ್ಟರಮ್ಮ. “ನೀವು ಕೈಲಿ ಎಂತ ಮುಟ್ಟಿದ್ರಿ?”

ಸೀಸ ನನ್ನ ರಕ್ತದಲ್ಲಿರಲಿಲ್ಲ, ಚರ್ಮದ ಮೇಲಿತ್ತು. ಚುಚ್ಚುವ ಮುನ್ನ ಸ್ಪಿರಿಟ್ಟಿನಲ್ಲಿ ಒರೆಸಿದರೂ ಹೋಗಿರಲಿಲ್ಲ. ಹಾಗಾದರೆ ಅದು ಆ ಜಗುಲಿಯ ಮೇಲೂ ಇದೆ, ಚಾಪೆಯ ಮೇಲೂ ಇದೆ, ಚಿನ್ನುವಿನ ಹೆಬ್ಬೆರಳ ಮೇಲೂ ಇದೆ. ನಾನು ಸೋಪು ಹಚ್ಚಿ ತೊಳೆದುಕೊಂಡೇನು. ಅವಳು ಚೀಪುತ್ತಾಳೆ. ಹೊಟ್ಟೆಗಿಳಿದ ಸೀಸ ಎಳೆಯ ಮಕ್ಕಳ ಬುದ್ಧಿಯನ್ನೇ ಮಂಕಾಗಿಸುತ್ತದೆ.

“ಇವಳ ಅಜ್ಜ, ಮುತ್ತಜ್ಜ ಎಲ್ಲ ಇದ್ನೇ ಕರಗ್ಸಿದ್ದು. ಅವ್ರಿಗೆ ಎಂತ ಆತು?” ಎಂದು, ಚಿನ್ನುವಿನ ರಕ್ತ ನೋಡೋಣ ಎಂದ ನನ್ನ ಮೇಲೆ ಮಾದೇವಿಯಕ್ಕ ಸಿಡುಕಿದಳು. ಆದರೂ ಮಗುವನ್ನು ಲ್ಯಾಬಿಗೆ ಎತ್ತಿಕೊಂಡು ಬಂದಳು. ಆ ಪುಟ್ಟ ಕೈಯನ್ನು ಸೋಪಿನಿಂದ ಉಜ್ಜಿ ಉಜ್ಜಿ ತೊಳೆದೇ ಬೆರಳು ಚುಚ್ಚಿದೆ. ಹನಿಯಲ್ಲಿ ಸೀಸ ಕಂಡಿತು. ತೋಳಿನಿಂದಲೂ ರಕ್ತ ತೆಗೆದು ಮಂಗಳೂರಿಗೆ ಕಳಿಸಿದೆವು. ನನ್ನದರಂತೆ ಇದೂ ತಾಳೆಯಾಗದಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ.

ಈ ಸಲ ಎರಡೂ ಯಂತ್ರಗಳು ಒಂದೇ ಮಾತು ಹೇಳಿದವು. ಸೀಸ ಅವಳ ರಕ್ತಕ್ಕೇ ಇಳಿದಿತ್ತು.

ಒಲೆ ಈಗ ಹೊಳೆಯಂಚಿಗೆ ಹೋಗಿದೆ. ಸೀಸ ಹೀರಿದ ಅಂಗಳದ ಮಣ್ಣು ಮಾತ್ರ ಅಲ್ಲೇ ಇದೆ.

“ನಿನ್ನ ರಕ್ತ ಚೊಲೋ ಐತಲ್ಲವಾ, ಊರಿಗೆ ಬಂದ್ಬಿಡು,” ಎಂದು ಅವ್ವ ಫೋನಿನಲ್ಲಿ ಗೋಗರೆಯುತ್ತಾಳೆ. ಹೌದು, ರಕ್ತ ಇನ್ನೂ ಸಿಂಧನೂರಿನದೇ. ಕೈಗಳು ಈ ಮನೆಯವಾಗಿವೆ. ಚಿನ್ನು ನನ್ನ ತೊಡೆಯೇರಲು ಓಡಿ ಬಂದಾಗ, ಎಷ್ಟು ತೊಳೆದಿದ್ದರೂ, ಅವನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತೇನೆ.