ಚೈತ್ರದ ಬಿಸಿಲಿಗೆ ದಪ್ಪ ಟೀ ಶರ್ಟು

ಹೋದ ವರ್ಷ ಯುಗಾದಿ ಕಳೆದ ಮೇಲಿನ ಮಾತು. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯ ಒಂದು ಅಡ್ಡರಸ್ತೆಯಲ್ಲಿ ಟೀ ಶರ್ಟುಗಳ ಮೇಲೆ ಅಚ್ಚು ಹಾಕಿಕೊಡುವ ಪುಟ್ಟ ಅಂಗಡಿ ನನ್ನದು. ಜೊತೆಗೆ ದುಡಿಯುವವಳು ನನ್ನ ನಾದಿನಿ ಶೋಭಾ. ಅವಳನ್ನು ಇದೇ ಊರಿಗೆ ಕೊಟ್ಟಿರುವುದರಿಂದ ಬೆಳಿಗ್ಗೆ ಮಗಳನ್ನು ನಮ್ಮ ಅತ್ತೆಯ ಹತ್ತಿರ ಬಿಟ್ಟು ಅಂಗಡಿಗೆ ಬರುತ್ತಾಳೆ. ಕೆಲಸಕ್ಕಿಂತ ಮಾತು ಒಂದು ಕೈ ಮುಂದು. ಆದರೂ ಅವಳು ಒತ್ತಿದ ಅಚ್ಚು ಒಂದು ದಿನವೂ ಸೊಟ್ಟಗಾದದ್ದಿಲ್ಲ.

ಈ ವ್ಯಾಪಾರದಲ್ಲಿ ಬಣ್ಣ, ಚಿತ್ರ ಎಲ್ಲದಕ್ಕಿಂತ ಮೊದಲು ನೋಡಬೇಕಾದದ್ದು ಬಟ್ಟೆಯ ತೂಕ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದರ ಮೇಲೆ ಅದು ಯಾವ ಕಾಲದ ಬಟ್ಟೆ ಎಂದು ತೀರ್ಮಾನವಾಗುತ್ತದೆ. ಬೇಸಿಗೆಗೆ ನೂರೈವತ್ತರ ಆಸುಪಾಸು ಸಾಕು, ಗಾಳಿಯಾಡುತ್ತದೆ. ಮಳೆಗಾಲಕ್ಕೆ ನೂರೆಂಬತ್ತು. ಅದಕ್ಕಿಂತ ದಪ್ಪ ಕೊಟ್ಟರೆ ಒಗೆದದ್ದು ಒಣಗದೆ ಮುಗ್ಗಲು ವಾಸನೆ ಹಿಡಿದು, ತೊಟ್ಟವರು ನಮ್ಮನ್ನು ಬೈಯುತ್ತಾರೆ. ಧನುರ್ಮಾಸದ ಚಳಿಗೆ ಮಾತ್ರ ಇನ್ನೂರ ನಲವತ್ತು. ಹಳೇಬೀಡಿನ ಅಂಗಡಿಯವರು ಪ್ರವಾಸಿಗರಿಗೆಂದು ನಮ್ಮಿಂದ ತೆಳುವಾದದ್ದನ್ನೇ ಒಯ್ಯುತ್ತಾರೆ. ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದು ಬಂದವರಿಗೆ ದಪ್ಪ ಬಟ್ಟೆ ತೋರಿಸಿದರೆ ಯಾರು ಕೊಳ್ಳುತ್ತಾರೆ?

ಹೀಗಿರುವಾಗ ಒಂದು ದಿನ ರುದ್ರಪ್ಪನವರು ಅಂಗಡಿಗೆ ಬಂದರು. ಅವರು ತೆಂಗಿನಕಾಯಿ, ಕೊಬ್ಬರಿ ವ್ಯಾಪಾರದ ಹಿರಿಯರು. ಹಾರನಹಳ್ಳಿ ದಾಟಿ ಸ್ವಲ್ಪ ಒಳಗೆ ಹೋದರೆ ಅವರ ಹುಟ್ಟೂರು. ಅಲ್ಲಿಯ ಹಳೆಯ ಕಲ್ಯಾಣಿ ಹೂಳು ತುಂಬಿ, ಜೊಂಡು ಬೆಳೆದು ಹಾಳಾಗಿತ್ತು. ಊರಿನವರೆಲ್ಲ ಸೇರಿ ಒಂದು ಭಾನುವಾರ ಅದನ್ನು ಸ್ವಚ್ಛ ಮಾಡಲು ಹೊರಟಿದ್ದರು. ಕೆಲಸಕ್ಕೆ ಇಳಿಯುವ ಎಲ್ಲರಿಗೂ ಟೀ ಶರ್ಟು ಕೊಡುವ ಹೊಣೆ ಇವರು ಹೊತ್ತಿದ್ದರು. ನಾನು ತೆಳ್ಳನೆಯ ಬಿಳಿ ಟೀ ಶರ್ಟು ತೆಗೆದು ಮುಂದಿಟ್ಟೆ. ಅವರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು, ತೆಂಗಿನಕಾಯಿ ಆರಿಸುವಾಗ ಮಾಡುವಂತೆ ಮೇಲೆ ಕೆಳಗೆ ಎರಡು ಸಲ ತೂಗಿದರು. ಮುಖ ಹುಳ್ಳಗಾಯಿತು.

"ಏನಮ್ಮ ಇದು, ಕೈಯಾಗೆ ಐತೋ ಇಲ್ವೋ ಗೊತ್ತೇ ಆಗ್ತಿಲ್ಲ" ಎಂದರು.

"ಬೇಸಿಗೆ ಅಲ್ವಾ ಸಾವ್ಕಾರ್ರೆ, ಬಿಸಿಲಲ್ಲಿ ಹೂಳು ಹೊರೋರಿಗೆ ಇದೇ ಸರಿ" ಎಂದೆ.

"ಹೊರೋರು ಹೊರ್ತಾರೆ ಬಿಡು. ರುದ್ರಪ್ಪ ಕೊಟ್ಟಿದ್ದು ಅಂದ್ರೆ ಕೈಗೆ ತೂಕ ಬರ್ಬೇಕು. ಹಗುರದ ಕಾಯಿನ ದೇವ್ರಿಗೂ ಕೊಡಾಕಿಲ್ಲ ನಾವು" ಎಂದು ಕಪಾಟಿನ ಕೆಳಗಿನ ಸಾಲಿಗೆ ಕೈ ಹಾಕಿದರು. ಅಲ್ಲಿದ್ದದ್ದು ಚಳಿಗಾಲದ ಇನ್ನೂರ ನಲವತ್ತರ ದಪ್ಪ. ಅದನ್ನು ತೂಗಿ ನೋಡಿದವರೇ, "ಹಾಂ, ಇದು ಬಟ್ಟೆ" ಎಂದುಬಿಟ್ಟರು. ಇದನ್ನು ಹಾಕಿಕೊಂಡವರು ಬೆಂದುಹೋಗುತ್ತಾರೆ ಎಂದು ನಾನು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಅದರ ಮೇಲೆಯೇ ಕಲ್ಯಾಣಿಯ ಚಿತ್ರವನ್ನೂ "ನಮ್ಮ ಕಲ್ಯಾಣಿ, ನಮ್ಮ ಹೊಣೆ" ಎಂಬ ಸಾಲನ್ನೂ ಅಚ್ಚು ಹಾಕಿ ಕಳಿಸಿದೆವು.

ಆ ಭಾನುವಾರ ಫೋಟೊ ತೆಗೆಯೋಣ, ನಾಲ್ಕು ಜನಕ್ಕೆ ನಮ್ಮ ಅಂಗಡಿಯ ಹೆಸರೂ ತಿಳಿಯಲಿ ಎಂದು ನಾನೂ ಶೋಭಾಳೂ ಸ್ಕೂಟರಿನಲ್ಲಿ ಹೋದೆವು. ನಾವು ತಲುಪುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಗಂಡಸರು ಪಂಚೆ, ಚಡ್ಡಿಗಳ ಮೇಲೆ, ಹೆಂಗಸರು ಸೀರೆ ರವಿಕೆಗಳ ಮೇಲೆಯೇ ಟೀ ಶರ್ಟು ಏರಿಸಿಕೊಂಡು ಬಾಣಲೆಯಲ್ಲಿ ಹೂಳು ದಾಟಿಸುತ್ತಿದ್ದರು. ಎಲ್ಲರ ಬೆನ್ನೂ ಒದ್ದೆ. ಊರಿನ ಯುವಕರನ್ನೆಲ್ಲ ಒಟ್ಟುಗೂಡಿಸಿದ್ದ ಗಂಗಾಧರ ಎಂಬ ರೈತ ನನ್ನನ್ನು ಕಂಡವನೇ ನಕ್ಕ.

"ಅಕ್ಕೋ, ಟೀ ಶರ್ಟ್ ಅಂತ ಹೇಳಿ ಕಂಬ್ಳಿ ಹೊದ್ಸಿದೀಯಲ್ಲ. ಸಾಯಂಕಾಲಕ್ಕೆ ನಾವೆಲ್ಲ ಹಪ್ಪಳ ಆಗ್ತೀವಿ ನೋಡು."

"ನನ್ನ ಕೇಳ್ಬೇಡಪ್ಪ, ತೂಕ ನೋಡಿ ತಗೊಂಡೋರು ಅಲ್ಲಿ ಅವ್ರೆ" ಎಂದು ಅರಳಿಮರದ ಕಟ್ಟೆಯ ಕಡೆ ತೋರಿಸಿದೆ. ರುದ್ರಪ್ಪನವರು ತಾವೂ ಅದೇ ಟೀ ಶರ್ಟು ತೊಟ್ಟು, ಬೀಸಣಿಗೆ ಹಿಡಿದು ಕೂತಿದ್ದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಸೆಕೆ ಎಂದು ಮಾತ್ರ ಒಪ್ಪಿಕೊಳ್ಳಲಿಲ್ಲ.

ಕಲ್ಯಾಣಿಗೆ ನಾಲ್ಕೂ ಕಡೆ ಮೆಟ್ಟಿಲು. ತಳದ ನಡುವೆ ಒಂದು ಬಾವಿ ಇದೆ ಎಂದು ಊರಿನವರಿಗೆ ಗೊತ್ತಿತ್ತು. ಜೊಂಡು ಬೆಳೆದು ಅದರ ಬಾಯಿ ಮುಚ್ಚಿಹೋಗಿದ್ದರಿಂದ ಅಂದಾಜಿನ ಮೇಲೆ ಒಂದು ಬಿದಿರು ನೆಟ್ಟು, ಅದರ ಹತ್ತಿರ ಯಾರೂ ಹೋಗಬೇಡಿ ಎಂದು ಹೇಳಿದ್ದರು. ಆದರೆ ಬಾವಿಯ ಬಾಯಿ ಅವರ ಅಂದಾಜಿಗಿಂತ ದೊಡ್ಡದಿತ್ತು. ಶೋಭಾ ಸುಮ್ಮನೆ ಮೇಲೆ ನಿಲ್ಲುವ ಜಾಯಮಾನದವಳಲ್ಲ. ಮೆಟ್ಟಿಲುಗಳ ಸಾಲು ಚೆನ್ನಾಗಿ ಕಾಣುವಂತೆ ಫೋಟೊ ತೆಗೆಯುತ್ತೇನೆಂದು ಮೊಬೈಲ್ ಹಿಡಿದು ತಳಕ್ಕೆ ಇಳಿದಳು. ಬಿದಿರಿನಿಂದ ದೂರವೇ ಇದ್ದೇನೆ ಎಂದುಕೊಂಡು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಜೊಂಡಿನ ಕೆಳಗೆ ನೆಲವಿರಲಿಲ್ಲ. ಕಣ್ಣೆದುರಿಗೆ ಇದ್ದವಳು ಕಣ್ಣೆದುರಿಗೇ ಇಲ್ಲವಾದಳು.

ಓಡಿಹೋದೆ. ಗಂಗಾಧರ ನನ್ನ ರಟ್ಟೆ ಹಿಡಿದು ಎಳೆದ. "ಹತ್ರ ಹೋಗ್ಬೇಡಕ್ಕ, ಅಂಚು ಕುಸೀತೈತೆ" ಎಂದ. ನಿಜ, ಬಾವಿಯ ಸುತ್ತಲಿನ ಹಸಿ ಹೂಳು ನೋಡುತ್ತಿದ್ದಂತೆ ಒಳಕ್ಕೆ ಜಾರುತ್ತಿತ್ತು. ಮೆಟ್ಟಿಲಿನ ಮೇಲೆ ಹತ್ತಿ ನೋಡಿದರೆ ಶೋಭಾಳ ತಲೆ, ತೋಳು ಕಂಡವು. ಎದೆಮಟ್ಟ ಕೆಸರು ನೀರು. ಗೋಡೆಯಿಂದ ಹೊರಚಾಚಿದ ಒಂದು ಕಲ್ಲನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು. "ಅತ್ಗೆ, ಕಾಲಿಗೆ ಏನೂ ಸಿಗ್ತಿಲ್ಲ" ಎಂದಳು. ಆ ವಾಚಾಳಿಯ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲೇ ಇಲ್ಲ.

ಹೂಳಿನ ಬಾಣಲೆ ಎಳೆಯಲು ತಂದಿದ್ದ ಪ್ಲಾಸ್ಟಿಕ್ ಹಗ್ಗವನ್ನು ಎಸೆದರು. ಅವಳು ಒಂದು ಕೈಗೆ ಸುತ್ತಿಕೊಂಡಳು. ಇತ್ತ ಕಡೆಯವರು ಎಳೆದರು. ಬಿಸಿಲಿಗೆ ಬೆಂದು ಪೆಡಸಾಗಿದ್ದ ಹಗ್ಗ ಪಟ್ಟನೆ ತುಂಡಾಯಿತು. ಶೋಭಾ ಮತ್ತೆ ಬಿದ್ದು ಕಲ್ಲನ್ನು ತಬ್ಬಿಕೊಂಡಳು, ನೀರು ಅವಳ ಭುಜದವರೆಗೆ ಬಂತು. ಒಬ್ಬ ಬೈಕು ಹತ್ತಿ ಊರೊಳಗಿಂದ ನಾರಿನ ಹಗ್ಗ ತರಲು ಹೋದ. ತೆಂಗಿನ ಸೀಮೆಯಲ್ಲಿ ಹಗ್ಗಕ್ಕೆ ಬರವಿಲ್ಲ, ಆದರೆ ಅವನು ಹೋಗಿ ಬರುವವರೆಗೆ ಆ ಕಲ್ಲು ನಿಲ್ಲಬೇಕಲ್ಲ. ಅದರ ಬುಡದಿಂದ ಮಣ್ಣು ಉದುರುತ್ತಿತ್ತು. ಮನೆಯಲ್ಲಿ ಅಜ್ಜಿಯ ಹತ್ತಿರ ಆಡುತ್ತಿರುವ ಮಗು ಸಂಜೆ "ಅಮ್ಮ ಎಲ್ಲಿ ಅತ್ತೆ" ಎಂದು ಕೇಳಿದರೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಆಗ ಗಂಗಾಧರ ತನ್ನ ಟೀ ಶರ್ಟು ಕಳಚಿದ. ಅವನ ಪಕ್ಕದವನು ಕಳಚಿದ. ಮೆಟ್ಟಿಲಿನ ಮೇಲಿದ್ದ ಹೆಂಗಸರು ಸೀರೆಯ ಮೇಲಿನಿಂದ ತೆಗೆದು ಕೆಳಕ್ಕೆ ದಾಟಿಸಿದರು. ಕಟ್ಟೆಯ ಮೇಲಿಂದ ರುದ್ರಪ್ಪನವರು ಏದುಸಿರು ಬಿಡುತ್ತ ಇಳಿದು ಬಂದು ತಮ್ಮದನ್ನೂ ಕಳಚಿ ಕೊಟ್ಟು, ಬನಿಯನ್ನಿನಲ್ಲಿ ನಿಂತರು. ಕ್ಷಣದಲ್ಲಿ ನನ್ನ ಕಾಲ ಬಳಿ ಟೀ ಶರ್ಟುಗಳ ಗುಡ್ಡೆ ಬಿತ್ತು.

ಬಟ್ಟೆ ಎಂದರೆ ನನಗೆ ಗೊತ್ತಿರುವ ವಿಷಯ. "ತೋಳಿಗೆ ಗಂಟು ಹಾಕ್ಬೇಡಿ, ಹೊಲಿಗೆ ಬಿಚ್ಚುತ್ತೆ. ಇಡೀ ಮೈನ ತಿರುಚಿ ಕಟ್ಟಿ. ನೀರಲ್ಲಿ ಅದ್ದಿ ಕಟ್ಟಿ" ಎಂದು ಕೂಗಿದೆ. ಹತ್ತಿ ಒದ್ದೆಯಾದರೆ ಗಟ್ಟಿಯಾಗುತ್ತದೆ, ಗಂಟೂ ಜಾರುವುದಿಲ್ಲ. ದಿನವೂ ಒಗೆದು ಹಿಂಡಿ ಪರೀಕ್ಷೆ ಮಾಡುವ ನನಗೆ ಅದು ಅಂಗೈ ನೆಲ್ಲಿಕಾಯಿ. ಬೆವರಿಗೆ ಅರ್ಧ ನೆನೆದೇ ಇದ್ದ ಟೀ ಶರ್ಟುಗಳನ್ನು ಕೆಸರು ನೀರಿನಲ್ಲಿ ಅದ್ದಿ, ಒಂದಕ್ಕೊಂದು ಬಿಗಿದು, ತುದಿಯಲ್ಲಿ ಕುಣಿಕೆ ಮಾಡಿ ಎಸೆದೆವು. ಮೊದಲ ಸಲ ಅವಳಿಗೆ ಎಟುಕಲಿಲ್ಲ. ಮತ್ತೆ ಎಸೆದಾಗ ಸಿಕ್ಕಿತು. ಒಂದು ಕೈ ಬಿಟ್ಟು ಕುಣಿಕೆಯನ್ನು ತಲೆಯ ಮೇಲಿಂದ ಕಂಕುಳಿಗೆ ಇಳಿಸಿಕೋ ಎಂದೆ. ಇಳಿಸಿಕೊಂಡಳು. ಇನ್ನೊಂದು ಕೈ ಬಿಡುವ ಮೊದಲು ನನ್ನ ಮುಖ ನೋಡಿದಳು.

"ತಡೀತದಾ ಅತ್ಗೆ?"

"ತಡೀತದೆ ಕಣೆ, ಬಿಡು" ಎಂದೆ. ತಡೆಯುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಒಂದು ಟೀ ಶರ್ಟು ಎಷ್ಟು ಭಾರ ತಡೆಯುತ್ತದೆ ಎಂದು ಬಟ್ಟೆ ಕಳಿಸುವವರು ಯಾರೂ ಬರೆದು ಕಳಿಸುವುದಿಲ್ಲ.

ಎಳೆದರು. ಅವಳು ಅಲುಗಲಿಲ್ಲ. ಟೀ ಶರ್ಟಿನ ಹೆಣಿಗೆಯ ಗುಣವೇ ಹಿಗ್ಗುವುದು. ಎಳೆದಷ್ಟೂ ಬಟ್ಟೆ ಉದ್ದವಾಯಿತೇ ಹೊರತು ಶೋಭಾ ಇದ್ದಲ್ಲೇ ಇದ್ದಳು. ಹಿಡಿದವರೆಲ್ಲ ಹೆಜ್ಜೆ ಹೆಜ್ಜೆಯಾಗಿ ಮೆಟ್ಟಿಲು ಹತ್ತಿ ಹಿಂದೆ ಸರಿದರು. ಬಟ್ಟೆ ಹಿಗ್ಗುತ್ತಲೇ ಹೋಯಿತು. ನಾವು ಒತ್ತಿದ್ದ ಕಲ್ಯಾಣಿಯ ಚಿತ್ರ ಎಳೆದಾಡಿ ಗೆರೆಯಾಯಿತು, ಅಕ್ಷರಗಳು ಬಿರುಕು ಬಿಟ್ಟವು, ನೀರು ಹಿಂಡಿಕೊಂಡು ಹನಿಹನಿಯಾಗಿ ಸುರಿಯಿತು. ಇನ್ನು ಹರಿಯಿತು ಎಂದು ಕಣ್ಣು ಮುಚ್ಚಿದೆ. ಆ ಹೊತ್ತಿನಲ್ಲಿ ಬಟ್ಟೆಯಿಂದ ಒಂದು ಶಬ್ದ ಬಂತು, ಗಾಣ ತಿರುಗುವಾಗ ಬರುವ ಕಿರುಗುಟ್ಟುವ ಶಬ್ದ. ಹಿಗ್ಗುವುದು ಮುಗಿದಿತ್ತು. ಕಣ್ಣು ಬಿಟ್ಟರೆ ಶೋಭಾಳ ಎದೆ ನೀರಿನಿಂದ ಮೇಲೆ ಬಂದಿತ್ತು, ಆಮೇಲೆ ಸೊಂಟ. ಅವಳು ಹೂಳಿನ ಮೇಲೆ ಮೊಸಳೆಯಂತೆ ಹೊಟ್ಟೆ ಎಳೆದುಕೊಂಡು ಮೆಟ್ಟಿಲಿಗೆ ಬಂದು ಬಿದ್ದಳು. ಅವಳ ಹಿಂದೆ ಆ ಕಲ್ಲು ಬಾವಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಬರಿಮೈಯ ಗಂಡಸರು, ಕೆಸರಾದ ಹೆಂಗಸರು ಆ ಬಟ್ಟೆಯ ಹುರಿಯನ್ನೇ ನೋಡುತ್ತ ನಿಂತಿದ್ದರು. ಒಬ್ಬ ಅಜ್ಜಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನನಗೂ ಹಾಗೇ ಮಾಡಬೇಕೆನ್ನಿಸಿತು, ಆದರೆ ಶೋಭಾಳನ್ನು ತಬ್ಬಿದ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಎಳನೀರು ಕುಡಿಸಿದ ಮೇಲೆ ಅವಳಾಡಿದ ಮೊದಲ ಮಾತು, "ಅತ್ಗೆ, ಮೊಬೈಲು ಬಾವೀಲಿ ಹೋಯ್ತು." ನಾನು ಅಳುತ್ತಿದ್ದವಳು ನಕ್ಕುಬಿಟ್ಟೆ. ಅಷ್ಟರಲ್ಲಿ ನಾರಿನ ಹಗ್ಗ ತರಲು ಹೋದವನು ಬಂದು, ಬೈಕಿನಿಂದ ಇಳಿಯುವುದನ್ನೂ ಮರೆತು ನಮ್ಮನ್ನು ನೋಡುತ್ತ ಕೂತ.

ಇದಾದ ಕೆಲವು ದಿನಗಳ ಮೇಲೆ ರುದ್ರಪ್ಪನವರು ನನ್ನನ್ನು ತಮ್ಮ ಕಾಯಿ ಮಂಡಿಗೆ ಕರೆಸಿದರು. ಅವತ್ತು ಹಗುರದ ಬಟ್ಟೆ ಇದ್ದಿದ್ದರೆ ತಡೆಯುತ್ತಿತ್ತೇ ಎಂಬ ಯೋಚನೆಯಲ್ಲಿ ನನ್ನ ಹಾಗೆಯೇ ಅವರಿಗೂ ನಿದ್ದೆ ಬಂದಿರಲಿಲ್ಲವಂತೆ. "ನೀನು ಮೊದ್ಲು ತೋರ್ಸಿದ್ದ ಹಗುರದ ಬಟ್ಟೆ ತಗೊಂಡ್ ಬಾ" ಎಂದಿದ್ದರು. ಒಯ್ದೆ. ಮಂಡಿಯ ತೊಲೆಗೆ ತೆಳು ಟೀ ಶರ್ಟುಗಳನ್ನು ಅಂದಿನ ಹಾಗೆಯೇ ನೆನೆಸಿ, ತಿರುಚಿ, ಗಂಟು ಹಾಕಿ ಇಳಿಬಿಟ್ಟು, ತುದಿಗೆ ಕಾಯಿ ತುಂಬಿದ ಗೋಣಿಚೀಲ ಕಟ್ಟಿಸಿದರು. ಚೀಲವನ್ನು ಎತ್ತಿ ಹಿಡಿದಿದ್ದ ಆಳುಗಳು ಕೈಬಿಟ್ಟಾಗ ಅದು ನೆಲ ಮುಟ್ಟದೆ ತೂಗಿತು. ನಾವಿಬ್ಬರೂ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಒಂದರ ಕುತ್ತಿಗೆಯ ಹತ್ತಿರ ಸಣ್ಣ ತೂತು ಬಿತ್ತು. ಅದು ಬಾಯಿ ತೆರೆಯುತ್ತ ಹೋಗಿ, ಚೀಲ ದೊಪ್ಪನೆ ಬಿದ್ದು ಕಾಯಿಗಳು ಮಂಡಿಯ ತುಂಬ ಉರುಳಿದವು.

ಆಮೇಲೆ ದಪ್ಪದ್ದನ್ನು ಕಟ್ಟಿದೆವು. ಅದು ಹಿಗ್ಗಿತು, ಕಿರುಗುಟ್ಟಿತು, ನಿಂತಿತು. ನಾನು ಮನೆಗೆ ಹೊರಡುವವರೆಗೂ ಚೀಲ ತೂಗುತ್ತಲೇ ಇತ್ತು. ರುದ್ರಪ್ಪನವರು ಉರುಳಿದ್ದ ಒಂದು ಕಾಯಿ ಎತ್ತಿಕೊಂಡು ಅಂಗೈ ಮೇಲೆ ತೂಗಿದರು.

"ಅವತ್ತು ನಾನು ತೂಗಿದ್ದು ಬಡಾಯಿಗೆ ಕಣಮ್ಮ" ಎಂದರು. "ಜನ ನಮ್ ಹೆಸ್ರು ಹೇಳ್ಲಿ ಅಂತ. ನನ್ ಕೈಲಿ ಇದ್ದಿದ್ದು ಆ ಹೆಣ್ಮಗಳ ಜೀವ ಅಂತ ಆ ಶಿವನಿಗೆ ಬಿಟ್ರೆ ಯಾರಿಗ್ ಗೊತ್ತಿತ್ತು?"

ವ್ಯಾಪಾರದ ಮಾತಿನಲ್ಲಿ ಅವರು ಮಾಡಿದ್ದು ತಪ್ಪೇ. ಬೇಸಿಗೆಗೆ ಯಾರೇ ಕೇಳಿದರೂ ನಾನು ಈಗಲೂ ತೆಳ್ಳನೆಯದನ್ನೇ ಕೊಡುತ್ತೇನೆ, ಚಳಿಗೇ ದಪ್ಪ. ಆದರೆ ತಿರುಪ್ಪೂರಿನ ಗಿರಣಿಯಿಂದ ಟೀ ಶರ್ಟುಗಳ ಹೊಸ ಗಂಟು ಬಂದಾಗ ಮೊದಲ ಬಟ್ಟೆಯನ್ನು ಬಿಚ್ಚಿ, ಅಂಚಿನಿಂದ ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿಯುತ್ತೇನೆ. ಕೂದಲಿನಷ್ಟು ತೆಳ್ಳಗಿನ, ಊದಿದರೆ ಹಾರುವ ಹತ್ತಿಯ ಎಳೆ. ಅದನ್ನು ನೂತವರು, ಹೆಣೆದವರು ಯಾರೋ, ಎಲ್ಲಿಯವರೋ. ಅವರಲ್ಲಿ ಯಾರಿಗೂ ಶೋಭಾ ಎಂಬುವಳೊಬ್ಬಳು ಇದ್ದಾಳೆಂದು ಗೊತ್ತಿಲ್ಲ.

ಅಂದಿನ ಹುರಿಯ ಗಂಟುಗಳನ್ನು ಬಿಚ್ಚಲು ಬರಲಿಲ್ಲ. ತುದಿಯ ಕುಣಿಕೆಯಾಗಿದ್ದ ಒಂದು ಟೀ ಶರ್ಟನ್ನು ಮಾತ್ರ ಬಿಡಿಸಿ, ಒಗೆದು, ಅಂಗಡಿಯ ಗೋಡೆಗೆ ತೂಗುಹಾಕಿದ್ದೇವೆ. ಹಿಗ್ಗಿ ಹಿಗ್ಗಿ ಅದು ಮೊಣಕಾಲು ದಾಟುವಷ್ಟು ಉದ್ದವಾಗಿದೆ, ಯಾರ ಮೈಗೂ ಸರಿಹೋಗುವುದಿಲ್ಲ. ಬಂದ ಗಿರಾಕಿಗಳು ಅದನ್ನು ನೋಡಿ ಇದೇನು ಹೊಸ ಫ್ಯಾಷನ್ನಾ, ಎಷ್ಟು ಎಂದು ಕೇಳುತ್ತಾರೆ. ಶೋಭಾ ಅಚ್ಚಿನ ಯಂತ್ರದಿಂದ ತಲೆ ಎತ್ತುವುದಿಲ್ಲ. ಅಷ್ಟು ಮಾತಿನವಳು ಇದೊಂದಕ್ಕೆ ಮಾತ್ರ ಒಂದೇ ಮಾತು ಹೇಳುತ್ತಾಳೆ.

"ಅದು ಮಾರಾಕಲ್ಲ ಕಣ್ರೀ. ನಾನು ಹಿಡ್ಕೊಂಡು ಮೇಲ್ ಬಂದಿದ್ದು."