ಮೋತಿಯ ಏಕಾದಶಿ

ಹೈದರಾಬಾದಿನ ದಿಲ್‌ಸುಖ್‌ನಗರದ ವೇಣೂಬಾಯಿ ದಿನಾ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮೊದಲು ತಮ್ಮ ನಾಯಿ ಮೋತಿಯ ಕಿವಿ ಎತ್ತಿ ಮೂಸಿ ನೋಡುತ್ತಾರೆ. ನಾತ ಬಂದರೆ ಔಷಧದ ಹನಿ. ಬಂದವರ ಚಪ್ಪಲಿ ಕಚ್ಚಿದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವುದು. ಬೆಲ್ಲದಲ್ಲಿ ಅಡಗಿಸಿ ಕೊಟ್ಟ ಗುಳಿಗೆಯನ್ನು ಮೋತಿ ಬೆಲ್ಲ ಚೀಪಿ ಅವರ ಪಾದದ ಮೇಲೆಯೇ ಉಗುಳಿದರೆ, "ಭಾಳ ಶಾಣ್ಯಾ ಆಗೀದಿ, ಕಳ್ಳಾ!" ಎಂದು ಹೆಮ್ಮೆಯಿಂದ ಬೈಯುತ್ತಾರೆ. ಆದರೆ ಅವರು ಉಣ್ಣದೆ ಮೋತಿ ಉಣ್ಣುವುದಿಲ್ಲ. ಪ್ರತಿ ಏಕಾದಶಿಗೂ ಖಾಲಿ ಹೊಟ್ಟೆಯಲ್ಲಿ ಹಳದಿ ವಾಂತಿ ಮಾಡುತ್ತಿತ್ತು. ಮದುವೆಯಾದಾಗಿನಿಂದ ಒಂದು ಏಕಾದಶಿಯ ನಿಟ್ಟುಪವಾಸವನ್ನೂ ತಪ್ಪಿಸದ ವೇಣೂಬಾಯಿ ಈಗ ಆ ದಿನ ದೇವರ ಗೂಡಿನ ಪರದೆ ಎಳೆದು, ಮೋತಿಯ ಎದುರು ಕೂತು ಹಿಡಿ ಅವಲಕ್ಕಿ ತಿನ್ನುತ್ತಾರೆ. "ಏಕಾದಶಿಗೆ ಮೋತಿನ್ನ ನಮ್ಮನ್ಯಾಗ ಬಿಡ್ರಿ ಕಾಕೂ, ನಿಮ್ಮ ಉಪಾಸ ಉಳೀತದ" ಎಂದಳು ಪಕ್ಕದ ಮನೆಯ ಶೋಭಾ. "ಬ್ಯಾಡವಾ," ಎಂದರು ವೇಣೂಬಾಯಿ, "ನನ್ನ ಸಂಬಂಧ ಇವ ಇಷ್ಟು ದಿನ ಉಪಾಸ ಮಾಡಿದ. ಇವನ ಸಂಬಂಧ ನಾ ಒಂದು ಮುಕ್ಕು ತಿನ್ನಬಾರದೇನು?"