ಬೀಗದಪ್ಪನ ಬ್ರಹ್ಮಾಸ್ತ್ರ

ಲಾಕಪ್ ಕಾಯುವ ಬೀಗದಪ್ಪ ಗೊಂಚಲಿನಲ್ಲಿ ಸರಿಯಾದ ಕೀಲಿ ಹುಡುಕಲು ನಿಂತರೆ ಗಡಿಯಾರವೇ ಆಕಳಿಸುತ್ತದೆಂದು ಠಾಣೆಯಲ್ಲಿ ಪ್ರತೀತಿ. ಹೊರದೇಶದವರು ಸಿಕ್ಕಿಬಿದ್ದಾಗ ಇನ್ಸ್‌ಪೆಕ್ಟರಿಗೆ ಆ ನಿಧಾನವೇ ಬ್ರಹ್ಮಾಸ್ತ್ರ. ಜಾಮೀನು ಸಿಕ್ಕವನ ಬೀಗ ತೆರೆಯುವಷ್ಟರಲ್ಲಿ ವಲಸೆ ಇಲಾಖೆಯ ವ್ಯಾನು ಬಂದು ಅವನನ್ನು ಗಡೀಪಾರಿಗೆ ಒಯ್ಯುತ್ತಿತ್ತು.

ಅಂದು ಬೀದಿಜಗಳದಲ್ಲಿ ಹಿಡಿದುತಂದ ಪರದೇಶದ ಬಡಗಿಗೆ ಜಾಮೀನಾಯಿತು. ಗೇಟಿನ ಬಳಿ ಅವನ ಹೆಂಡತಿ ನಿಂತಲ್ಲಿ ನಿಲ್ಲಲಾರದೆ ಒಮ್ಮೆ ರಸ್ತೆಯನ್ನೂ ಒಮ್ಮೆ ಬಾಗಿಲನ್ನೂ ನೋಡುತ್ತಿದ್ದಳು. ಇನ್ಸ್‌ಪೆಕ್ಟರು ಫೋನಿನಲ್ಲಿ, "ನಿಧಾನಕ್ಕೇ ಬನ್ನಿ, ನಮ್ಮ ಬೀಗದಪ್ಪ ಇನ್ನೂ ಕೀಲಿ ಹುಡುಕ್ತಿರ್ತಾನೆ" ಎಂದು ನಗುತ್ತಿರುವಾಗಲೇ ಬೀಗ ಕಳಚಿತು. ಬಡಗಿ ಹೆಂಡತಿಯ ಕೈಹಿಡಿದು ರಸ್ತೆಯ ತಿರುವಿನಲ್ಲಿ ಮಾಯವಾದ.

ವ್ಯಾನು ಬಂದಾಗ ಲಾಕಪ್ ಖಾಲಿ.

"ಏನಯ್ಯಾ, ಇಷ್ಟು ವರ್ಷ ಇಲ್ಲದ ಚುರುಕು ಇವತ್ತೆಲ್ಲಿಂದ ಬಂತು?" ಇನ್ಸ್‌ಪೆಕ್ಟರು ಗುಡುಗಿದರು.

"ನಿನ್ನೆ ಕನ್ನಡಕ ಮಾಡಿಸ್ದೆ ಸಾರ್."